ಕೂತ ನೆಲ, ನಡೆದ ಹೆಸರು

ನಾಡು ತನ್ನನ್ನು ತಾನು ಕರೆದುಕೊಳ್ಳುವುದಿಲ್ಲ. ಗಡಿಯಾಚೆಯವನು ಕೂಗಿದಾಗಲೇ ಅದಕ್ಕೊಂದು ಹೆಸರು ಬೇಕಾಗುತ್ತದೆ.

ಇಂಡಿಯಾಕ್ಕೆ ಹೆಸರು ಕೊಟ್ಟದ್ದು ಸಿಂಧೂ. 1947ರಲ್ಲಿ ಆ ನದಿಯ ಬಹುಪಾಲು ಹರಿವು ಪಾಕಿಸ್ತಾನಕ್ಕೆ ಹೋಯಿತು. ನೀರು ಅಲ್ಲಿ, ಹೆಸರು ಇಲ್ಲಿ.

ಸಂವಿಧಾನದ ಮೊದಲ ವಿಧಿ ಹೊರಗಿನವರ ಇಂಡಿಯಾವನ್ನೂ ಒಳಗಿನವರ ಭಾರತವನ್ನೂ ಒಂದೇ ವಾಕ್ಯದಲ್ಲಿ ಕೂರಿಸಿತು. ಜಗಳ ಮುಗಿಸುವ ಬಗೆ ಇದು. ಮುಂದೂಡುವ ಬಗೆಯೂ ಇದೇ.

ಅರಸ ಸೋತರೆ ಹೆಸರೂ ಅವನ ಬೆನ್ನು ಹತ್ತುತ್ತದೆ. ಹಂಪಿ, ಆನೆಗೊಂದಿಯ ಕರ್ನಾಟ ಸಾಮ್ರಾಜ್ಯ 1565ರಲ್ಲಿ ಮುರಿದು ಪೆನುಕೊಂಡೆಗೆ, ಚಂದ್ರಗಿರಿಗೆ, ವೆಲ್ಲೂರಿಗೆ ಸರಿಯಿತು. ಹೆಸರೂ ಗಂಟುಮೂಟೆ ಕಟ್ಟಿತು. ಮುಂದೆ ಆರ್ಕಾಟಿನ ನವಾಬ ಕರ್ನಾಟಕದ ನವಾಬನೆನಿಸಿಕೊಂಡ. ಇಂಗ್ಲಿಷರೂ ಫ್ರೆಂಚರೂ ಕಾದಾಡಿದ ಕರ್ನಾಟಕ ಯುದ್ಧಗಳ ರಕ್ತ ಹೆಚ್ಚಾಗಿ ಬಿದ್ದದ್ದು ತಮಿಳು ಮಣ್ಣಿಗೆ. ತವರಿನಲ್ಲಿ ಹೆಸರಿಗೆ ಬರ.

ಗೋಲ್ಡ್ ಕೋಸ್ಟ್ 1957ರಲ್ಲಿ ಘಾನಾ ಆಯಿತು. ಪ್ರಾಚೀನ ಘಾನಾ ಇದ್ದದ್ದು ಅಲ್ಲಿಂದ ನೂರಾರು ಮೈಲಿ ಆಚೆ. ಪರರು ಅಂಟಿಸಿದ ಸರಕಿನ ಚೀಟಿಗಿಂತ ಎರವಲು ತಂದ ಪೂರ್ವಿಕರು ಮೇಲು.

ಸೇನೆಯವರು 1989ರಲ್ಲಿ ಬರ್ಮಾವನ್ನು ಮ್ಯಾನ್ಮಾರ್ ಎಂದರು. ಅವರನ್ನು ಒಪ್ಪದ ಹಲವರು ಬರ್ಮಾ ಎನ್ನುವುದನ್ನು ಬಿಡಲಿಲ್ಲ. ಬ್ರಿಟಿಷರ ಕಾಲದ ಹೆಸರು ಹೀಗೆ ಬಿಡುಗಡೆಯ ಗುರುತಾಯಿತು.

ಕವಿರಾಜಮಾರ್ಗ ನಾಡನ್ನು ಅಳೆದದ್ದು ಎರಡು ನದಿಗಳಿಂದ. ತಿರುಳ್ಗನ್ನಡದ ನಾಲ್ಕು ಊರುಗಳಲ್ಲಿ ಕೊಪಣ, ಅಂದರೆ ಇಂದಿನ ಕೊಪ್ಪಳವೂ ಒಂದು. ಸಾವಿರ ವರ್ಷದ ಮೇಲೆ ಆ ಕೊಪಣವೇ ನಿಜಾಮನ ಹೈದರಾಬಾದಿನ ಅಂಚು. ತಿರುಳನ್ನು ಸಿಪ್ಪೆಯಾಗಿಸಲು ಒಂದು ನಕಾಶೆ ಸಾಕು.

ಧಾರವಾಡ ಸೀಮೆಯವರು ನಿಜಾಮನ ನೆಲವನ್ನು ಮೊಗಲಾಯಿ ಅನ್ನುತ್ತಿದ್ದರು. ದಿಲ್ಲಿಯ ಮೊಗಲರ ಕಥೆ 1857ಕ್ಕೇ ಮುಗಿದಿತ್ತು. ಮೊಗಲಾಯಿ ಮಾತ್ರ ಜನರ ಬಾಯಲ್ಲಿ ಇನ್ನೂ ತೊಂಬತ್ತು ವರ್ಷ ಆಳಿತು.

ದೇವಿ ಮಹಿಷನನ್ನು ಕೊಂದಳು. ಊರಿಗೆ ಉಳಿದದ್ದು ಮಹಿಷನ ಹೆಸರು. 1956ರಲ್ಲಿ ಒಂದಾದ ಕನ್ನಡಿಗರಿಗೆಲ್ಲ ಅದೇ ಮೈಸೂರು ಹೊದಿಕೆಯಾಯಿತು. ಮನೆ ಸೇರಿದ ಅಣ್ಣತಮ್ಮಂದಿರು ಒಬ್ಬನ ಹೆಸರಿನಲ್ಲೇ ಬಾಳಬೇಕಾಯಿತು, 17 ವರ್ಷ.

1973ರ ನವೆಂಬರ್ 1ರಂದು ಕರ್ನಾಟಕವೆಂಬ ಹೆಸರು ಮರಳಿತು. ಅದನ್ನು ಜಪಿಸಿದ ಆಲೂರು ವೆಂಕಟರಾಯರು 1964ರಲ್ಲೇ ತೀರಿಕೊಂಡಿದ್ದರು. ಶಾಸನಸಭೆಯಲ್ಲಿ ಅದಕ್ಕಾಗಿ ವಾದಿಸಿದ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರೂ 1972ರಲ್ಲೇ ಹೋಗಿದ್ದರು. ತೊಟ್ಟಿಲು ಕಟ್ಟಿದವರು ನಾಮಕರಣದ ದಿನ ಇರಲಿಲ್ಲ.

ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಹೊಸ ಹೆಸರೇ ಹಳೆಯದಕ್ಕಿಂತ ಹಳೆಯದು: ಚಾಲುಕ್ಯರ ಕಲ್ಯಾಣ, ಶರಣರ ಕಲ್ಯಾಣ. ಹೈದರಾಬಾದ್ ಆಗಿನ್ನೂ ಹುಟ್ಟಿರಲಿಲ್ಲ.

ಹೆಸರು ಬದಲಾದ ದಿನ ಭಾಷಣ. ಮರುದಿನ ನಾಮಫಲಕದ ಬಣ್ಣ. ಕೆರೆಯ ಹೂಳು ಎರಡಕ್ಕೂ ಕದಲುವುದಿಲ್ಲ.

1940ರಲ್ಲಿ ಕುಕನೂರಿನಲ್ಲಿ ಹುಟ್ಟಿದವಳಿಗೆ ಬಾಲ್ಯ ನಿಜಾಮನ ನೆಲದಲ್ಲಿ, ಮದುವೆ ಮೈಸೂರು ರಾಜ್ಯದಲ್ಲಿ, ಮೊಮ್ಮಕ್ಕಳು ಕರ್ನಾಟಕದಲ್ಲಿ. ಜಿಲ್ಲೆ ರಾಯಚೂರು ಹೋಗಿ ಕೊಪ್ಪಳ. ತಾಲೂಕು ಯಲಬುರ್ಗಾ ಹೋಗಿ ಕುಕನೂರು. ಆಕೆ ಊರು ಬಿಟ್ಟಿಲ್ಲ. ನಾಡುಗಳೇ ಆಕೆಯನ್ನು ದಾಟಿ ಹೋದವು.

ಪಕ್ಕದ ಇಟಗಿಯಲ್ಲಿ 1112ರ ಮಹಾದೇವ ದೇಗುಲ ಎದ್ದಾಗ ಈ ಸೀಮೆ ಬೆಳ್ವೊಲ ಮುನ್ನೂರು. ಹಾಗೆ ಕರೆದವನ ಕಣ್ಣು ಸಿಂಹಾಸನದ ಮೇಲಿರಲಿಲ್ಲ, ಬೆಳೆದುನಿಂತ ಹೊಲದ ಮೇಲಿತ್ತು. ಹಿಂಗಾರಿಗೆ ಇಲ್ಲಿಯ ಎರೆಹೊಲದಲ್ಲಿ ಈಗಲೂ ಬಿಳಿಜೋಳ ಬಿತ್ತುತ್ತಾರೆ.