ನಮ್ಮ ಮಿಷನ್ ಸ್ಟೇಟ್‌ಮೆಂಟಿಗೆ ಯಾರ ಅಂಕಿತ?

 

ಇಲ್ಲಿ ಅಮೆರಿಕದ ಕಚೇರಿಗಳಲ್ಲಿ ನಾಲ್ಕು ಜನರ ಮೇಲೆ ಒಂದು ಹುದ್ದೆ ಸಿಕ್ಕ ಕೂಡಲೇ ಬಹಳ ಜನರಿಗೆ ಒಂದು ಹೋಂವರ್ಕ್ ಕೂಡ ಸಿಗುತ್ತದೆ: "ನಾಯಕತ್ವಕ್ಕೆ ನಿಮ್ಮದೇ ಆದ ಒಂದು ಮಿಷನ್ ಸ್ಟೇಟ್‌ಮೆಂಟ್ ಬರೆದುಕೊಂಡು ಬನ್ನಿ." ನಾನು ಯಾಕೆ ಈ ಜಾಗದಲ್ಲಿದ್ದೇನೆ, ಏನನ್ನು ಕೈಬಿಡುವುದಿಲ್ಲ, ಯಾವುದಕ್ಕೆ ಒಪ್ಪುವುದಿಲ್ಲ ಅಂತ ಕೆಲವೇ ಸಾಲುಗಳಲ್ಲಿ ಹೇಳಬೇಕು. ನಮ್ಮ ಸತ್ಸಂಗದವರಲ್ಲೂ ಎಷ್ಟೋ ಜನ ಇದನ್ನು ಬರೆದಿದ್ದೀರಿ, ನಾನೂ ಬರೆದಿದ್ದೇನೆ.

ಈ ಅಭ್ಯಾಸವನ್ನು ಹೆಚ್ಚು ಜನರಿಗೆ ಮುಟ್ಟಿಸಿದ್ದು ಸ್ಟೀಫನ್ ಕೋವಿ ಅವರು 1989ರಲ್ಲಿ ಹೊರತಂದ 'ದಿ ಸೆವೆನ್ ಹ್ಯಾಬಿಟ್ಸ್ ಆಫ್ ಹೈಲಿ ಎಫೆಕ್ಟಿವ್ ಪೀಪಲ್' ಪುಸ್ತಕ. ಅದರ ಎರಡನೆಯ ಅಭ್ಯಾಸದಲ್ಲಿ ಅವರು ನಮ್ಮ ಅಂತ್ಯಕ್ರಿಯೆಯನ್ನೇ ಕಲ್ಪಿಸಿಕೊಳ್ಳಲು ಹೇಳುತ್ತಾರೆ. ಮನೆಯವರೊಬ್ಬರು, ಸ್ನೇಹಿತರೊಬ್ಬರು, ಜೊತೆಗೆ ಕೆಲಸ ಮಾಡಿದವರೊಬ್ಬರು, ಸಮಾಜದವರೊಬ್ಬರು, ಹೀಗೆ ನಾಲ್ವರು ಎದ್ದು ಮಾತಾಡುತ್ತಾರೆ. ಅವರು ಏನು ಹೇಳಬೇಕು ಅಂತ ನಿಮಗೆ ಆಸೆ? ಆ ಉತ್ತರ ಹಿಡಿದು ಇವತ್ತಿನ ಬದುಕನ್ನು ತಿದ್ದಿಕೊಳ್ಳಿ ಅನ್ನುವುದು ಅವರ ದಾರಿ.

ಒಳ್ಳೆಯ ದಾರಿಯೇ. ಅಂತ್ಯಕಾಲವನ್ನು ನೆನೆದು ಇವತ್ತನ್ನು ನೇರ ಮಾಡಿಕೊಳ್ಳುವುದು ನಮ್ಮ ದಾಸರಿಗೂ ಒಗ್ಗುವ ಮಾತು. ಆದರೆ ಒಂದು ಸಣ್ಣ ವಿಷಯ ಗಮನಿಸಿ. ಆ ನಾಲ್ವರೂ ಮಾತಾಡುವುದು ನನ್ನ ಬಗ್ಗೆ. ನಾನು ಬರೆದ ಸಾಲುಗಳೆಲ್ಲ ಶುರುವಾಗಿದ್ದೂ "ನಾನು" ಅಂತಲೇ. ದಾಸರ ಪದ ಹಾಗಲ್ಲ. ಅದರಲ್ಲೂ "ನಾನು" ಬೇಕಾದಷ್ಟು ಇರುತ್ತದೆ, ಆದರೆ ಕೊನೆಯ ನುಡಿಗೆ ಬರುವ ಹೊತ್ತಿಗೆ ಅಲ್ಲಿ ಬೇರೆಯವನ ಹೆಸರು ಬಂದು ಕೂತಿರುತ್ತದೆ. ಅದೇ ಅಂಕಿತ.

ಅಂಕಿತವನ್ನು ಕಾವ್ಯನಾಮದಂತೆ ನಾವೇ ಇಟ್ಟುಕೊಳ್ಳುವುದಲ್ಲ, ಗುರುಗಳಿಂದ ಬರಬೇಕು. ನವಕೋಟಿ ನಾರಾಯಣ ಅನ್ನಿಸಿಕೊಂಡಿದ್ದ ಶ್ರೀನಿವಾಸ ನಾಯಕರು ಸಂಪತ್ತನ್ನೆಲ್ಲ ದಾನ ಮಾಡಿ ಹೊರಟ ಮೇಲೆ ಶ್ರೀ ವ್ಯಾಸರಾಯರಿಂದ 'ಪುರಂದರ ವಿಠಲ' ಅಂಕಿತ ಪಡೆದರು. ವಿಜಯದಾಸರಿಗೆ 'ವಿಜಯ ವಿಠಲ' ಅಂಕಿತ ಸ್ವಪ್ನದಲ್ಲಿ ಪುರಂದರದಾಸರಿಂದಲೇ ಆಯಿತು ಅಂತ ಸಂಪ್ರದಾಯ ಹೇಳುತ್ತದೆ. ಬಾಡದಲ್ಲಿ ದಂಡನಾಯಕರಾಗಿ ಜನರನ್ನು ಆಳಿ ಗೊತ್ತಿದ್ದ ಕನಕದಾಸರು ತಮ್ಮ ಕೀರ್ತನೆಗಳನ್ನು ಕಾಗಿನೆಲೆಯ ಆದಿಕೇಶವನಿಗೆ ಒಪ್ಪಿಸಿದರು. ಇನ್ನೊಂದು ವಿಶೇಷ ನೋಡಿ, ಅಂಕಿತ ಒಂದು ಸಲ ಬರೆದು ಗೋಡೆಗೆ ತೂಗುಹಾಕುವ ಫಲಕವಲ್ಲ. ಪ್ರತಿಯೊಂದು ಪದದ ಕೊನೆಗೂ ಬರಬೇಕು. ಅಂದರೆ ಪ್ರತಿ ಸಲ ಕೆಲಸ ಮುಗಿದಾಗಲೂ "ಇದು ಯಾರದ್ದು?" ಅನ್ನುವ ಪ್ರಶ್ನೆಗೆ ಉತ್ತರ ಕೊಡಬೇಕು.

ಇಷ್ಟು ಹೇಳಿದಾಗ ಒಂದು ಗಟ್ಟಿಯಾದ ಆಕ್ಷೇಪ ಏಳುತ್ತದೆ. "ಇದು ನನ್ನದಲ್ಲ" ಅನ್ನುವವನು ಒಳ್ಳೆಯ ನಾಯಕ ಆಗುವುದು ಹೇಗೆ ಸ್ವಾಮಿ? ಅದು ತಪ್ಪಿಸಿಕೊಳ್ಳುವ ಮಾತಲ್ಲವಾ? ದೊಡ್ಡ ಕಂಪನಿಗಳಲ್ಲಿ ನಾವು ದಿನಾ ಕೇಳುವ ಮಾತೂ ಇದೇ ತಾನೆ: "ನನ್ನ ಕೈಯಲ್ಲಿ ಏನಿಲ್ಲ, ಮೇಲಿನಿಂದ ಬಂದ ತೀರ್ಮಾನ." ದಾಸರೂ "ನನ್ನ ಕೈಯಲ್ಲಿ ಏನಿಲ್ಲ" ಅಂದರು, ಮ್ಯಾನೇಜರೂ ಅದನ್ನೇ ಅಂದ. ವ್ಯತ್ಯಾಸ ಎಲ್ಲಿದೆ?

ಈ ಪ್ರಶ್ನೆ ನನಗೆ ಪುಸ್ತಕದಲ್ಲಿ ಎದುರಾದದ್ದಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಎಂಟು ಜನರ ಟೀಮಿನಿಂದ ಇಬ್ಬರನ್ನು ಕಡಿಮೆ ಮಾಡಬೇಕು ಅಂತ ಬಂತು. ಹೆಸರು ಕೊಡಬೇಕಾದವನು ನಾನು. ಆ ಎಂಟು ಜನರಲ್ಲಿ ಎಚ್‌-1ಬಿ ವೀಸಾದ ಮೇಲಿದ್ದವರೂ ಇದ್ದರು. ಕೆಲಸ ಹೋದರೆ ಅವರಿಗೆ ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಬೇರೆ ಕೆಲಸ ಸಿಗಬೇಕು, ಇಲ್ಲ ಬೇರೆ ವ್ಯವಸ್ಥೆ ಆಗಬೇಕು, ಇಲ್ಲದಿದ್ದರೆ ಮಕ್ಕಳ ಶಾಲೆ, ಮನೆ, ಕಾರು ಎಲ್ಲ ಬಿಟ್ಟು ಹೊರಡಬೇಕು. ಹಾಗಂತ ಯಾರ ವೀಸಾ ಏನು ಅಂತ ನೋಡಿ ಹೆಸರು ಆರಿಸುವಂತಿಲ್ಲ. ಅದು ಇನ್ನೊಬ್ಬರಿಗೆ ಅನ್ಯಾಯ. ಮುಂದಿನ ವರ್ಷ ಯಾವ ಕೆಲಸ ಉಳಿಯುತ್ತದೆ, ಯಾವುದು ನಿಲ್ಲುತ್ತದೆ ಅಂತ ಮಾತ್ರ ನೋಡಬೇಕಿತ್ತು, ನೋಡಿದೆ. ಇಬ್ಬರಲ್ಲಿ ಒಬ್ಬರು ವೀಸಾದವರೇ ಆದರು.

ಅವರಿಗೆ ಸುದ್ದಿ ಹೇಳಲು ಮೇಲಿನವರು ಸಿದ್ಧಪಡಿಸಿದ ಒಂದು ಕಾಗದ ಬಂದಿತ್ತು. ಅದರಲ್ಲಿ "ಸಂಸ್ಥೆ ನಿರ್ಧರಿಸಿದೆ" ಅಂತಿತ್ತು, "ನಾನು" ಅನ್ನುವ ಪದ ಒಂದು ಕಡೆಯೂ ಇರಲಿಲ್ಲ. ಅದನ್ನು ಓದಿದ ಮೇಲೆ ನಾನು ಅವರಿಗೆ ಹೇಳಿದೆ: "ಇಬ್ಬರು ಹೋಗಬೇಕು ಅನ್ನುವುದು ಮೇಲಿನವರ ತೀರ್ಮಾನ. ಆದರೆ ನಿಮ್ಮ ಹೆಸರು ಕೊಟ್ಟವನು ನಾನು. ಯಾಕೆ ಅಂತ ಕೇಳಿದರೆ ಹೇಳ್ತೀನಿ." ಅವರು ಕೇಳಿದರು, ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ, ಆಗಬೇಕು ಅಂತ ನಾನು ಬಯಸುವ ಹಾಗೂ ಇರಲಿಲ್ಲ.

ಆಮೇಲೆ ದಾಸರ ಪದಗಳನ್ನು ಹಾಡುವಾಗ ಆ ವ್ಯತ್ಯಾಸ ನನಗೆ ಸ್ಪಷ್ಟವಾಗಿ ಕಾಣತೊಡಗಿತು. ದಾಸರು ಏನನ್ನು ತಮ್ಮದಲ್ಲ ಅನ್ನುತ್ತಾರೆ? ಹಿರಿಮೆಯನ್ನು. ಏನನ್ನು ತಮ್ಮದು ಅನ್ನುತ್ತಾರೆ? ತಪ್ಪನ್ನು. ಆತ್ಮನಿವೇದನೆಯ ಪದಗಳನ್ನು ನೋಡಿ, ಅಪರಾಧಗಳನ್ನು ಒಂದೊಂದಾಗಿ ಎಣಿಸಿ ತಮ್ಮ ತಲೆಯ ಮೇಲೆ ಹೊತ್ತುಕೊಂಡಿದ್ದಾರೆ. ಒಳ್ಳೆಯದೇನಾದರೂ ಆಗಿದ್ದರೆ ಅದು ಹರಿಯ ಕೃಪೆ. ಕಚೇರಿಯಲ್ಲಿ ನಡೆಯುವುದು ಇದರ ತಲೆಕೆಳಗು. ಪ್ರಾಜೆಕ್ಟ್ ಗೆದ್ದರೆ "ನನ್ನ ನಾಯಕತ್ವ", ಸೋತರೆ "ಮೇಲಿನವರು", "ಮಾರುಕಟ್ಟೆ". "ನನ್ನದಲ್ಲ" ಅನ್ನುವ ಮಾತು ಒಂದೇ, ಅದನ್ನು ಇಡುವ ಜಾಗ ಬೇರೆ.

ಆಚಾರ್ಯ ಮಧ್ವರು ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಅಂತ ಎರಡಾಗಿ ಹೇಳಿದರು. ಸ್ವತಂತ್ರ ಶ್ರೀಹರಿ ಒಬ್ಬನೇ. ಹಾಗಂತ ಜೀವನಿಗೆ ಕರ್ತೃತ್ವವೇ ಇಲ್ಲ ಅಂತ ಅವರು ಹೇಳಲಿಲ್ಲ. ಅವನು ಕೊಟ್ಟ ಕರ್ತೃತ್ವ ಇದೆ, ಆದ್ದರಿಂದಲೇ ವಿಧಿನಿಷೇಧ ಇದೆ, ಪುಣ್ಯಪಾಪ ಇದೆ. ಮ್ಯಾನೇಜರ್ ಕುರ್ಚಿಯೂ ಹೀಗೇ ಕೊಟ್ಟದ್ದು. ಅದರ ಒಡೆಯ ನಾನಲ್ಲ, ಆದರೆ ಅದರ ಮೇಲೆ ಕೂತು ಮಾಡಿದ್ದಕ್ಕೆ ಉತ್ತರ ಹೇಳಬೇಕಾದವನು ನಾನೇ. ಎರಡೂ ಒಟ್ಟಿಗೆ ನಿಜ. ಒಡೆಯ ನಾನಲ್ಲ ಅನ್ನುವುದು ಮರೆತರೆ ದರ್ಪ ಬರುತ್ತದೆ, ಉತ್ತರ ನನ್ನದು ಅನ್ನುವುದು ಮರೆತರೆ ಹೇಡಿತನ ಬರುತ್ತದೆ.

ಈಗ ನನ್ನ ಮಿಷನ್ ಸ್ಟೇಟ್‌ಮೆಂಟಿನಲ್ಲಿ ಉಳಿದಿರುವುದು ನಾಲ್ಕು ಸಾಲು. ಕೆಲಸ ಚೆನ್ನಾಗಿ ಆದರೆ ಮಾಡಿದವರ ಹೆಸರು ಹೇಳಬೇಕು. ಕೆಟ್ಟರೆ ಮೊದಲು ನನ್ನ ಹೆಸರು ಹೇಳಬೇಕು. ಕಹಿಯಾದ ಮಾತನ್ನು ಕಾಗದಕ್ಕೆ ಬಿಡದೆ ಎದುರು ಕೂತು ಹೇಳಬೇಕು. ಈ ಅಧಿಕಾರವನ್ನು ಹಿಂದಕ್ಕೆ ಕೇಳಿದ ದಿನ ಗೊಣಗದೆ ಒಪ್ಪಿಸಬೇಕು. ಇದರಲ್ಲಿ ದೂರದೃಷ್ಟಿ, ಸ್ಫೂರ್ತಿ ಅಂತ ದೊಡ್ಡ ಮಾತು ಯಾವುದೂ ಇಲ್ಲ. ಆದರೆ ಶುಕ್ರವಾರ ಸಂಜೆ ಕೂತು, ಈ ವಾರ ಇದನ್ನು ಮಾಡಿದೆನಾ ಇಲ್ಲವಾ ಅಂತ ನೋಡಿಕೊಳ್ಳಬಹುದು.

ಕಚೇರಿಯಲ್ಲಿ ಹುದ್ದೆ ಇಲ್ಲದವರಿಗೂ ಇದು ಬೇಕು. ಭಜನಾ ಮಂಡಳಿ ನಡೆಸುವವರು, ಕನ್ನಡ ಕೂಟದ ಪದಾಧಿಕಾರಿಗಳು, ಮನೆಯಲ್ಲಿ ಹಿರಿಯರು, ಎಲ್ಲರ ಕೈಯಲ್ಲೂ ಒಂದಿಷ್ಟು ಅಧಿಕಾರ ಇದ್ದೇ ಇದೆ. ಮೈಕ್ ಯಾರಿಗೆ ಮೊದಲು, ಫೋಟೋದಲ್ಲಿ ಮುಂದೆ ಯಾರು, ಪ್ರಸಾದ ಆದ ಮೇಲೆ ಪಾತ್ರೆ ತೊಳೆದವರ ಹೆಸರು ವಂದನಾರ್ಪಣೆಯಲ್ಲಿ ಬಂತಾ? ಪುಷ್ಯ ಬಹುಳ ಅಮಾವಾಸ್ಯೆಗೆ ಪುರಂದರದಾಸರ ಆರಾಧನೆ ಬರುತ್ತದೆ. ಅಷ್ಟರೊಳಗೆ ನೀವೂ ನಾಲ್ಕು ಸಾಲು ಬರೆದಿಡಿ. ಬರೆದ ಮೇಲೆ ಕೊನೆಗೆ ನಿಮ್ಮ ಹೆಸರು ಹಾಕುವ ಮೊದಲು ಒಂದು ಕ್ಷಣ ನಿಂತು ಕೇಳಿಕೊಳ್ಳಿ: ಇಲ್ಲಿ ಯಾರ ಅಂಕಿತ ಬರಬೇಕು?

ಶ್ರೀಕೃಷ್ಣಾರ್ಪಣಮಸ್ತು.