ರಜೆ ಎಂಬ ಒಪ್ಪಿಗೆ

ಕನ್ನಡದಲ್ಲಿ ನಾವು ದಿನವೂ ಬಳಸುವ ‘ರಜೆ’ ಎಂಬ ಪದ ಅರಬಿ ಮೂಲದ್ದು. ಸಮ್ಮತಿ, ಒಪ್ಪಿಗೆ ಎಂದು ಅದರ ಮೂಲ ಅರ್ಥ. ಮೇಲಿನವರು ಒಪ್ಪಿದರೆ ನೀನು ಕೆಲಸದಿಂದ ದೂರ ಇರಬಹುದು ಎಂಬ ಮಾತು ಆ ಪದದ ಒಳಗೇ ಇದೆ. ವಿಚಿತ್ರವೆಂದರೆ, ಮನೆಯಲ್ಲಿ ಉರ್ದು ಮಾತನಾಡುವ ನಮ್ಮಂಥವರು ರಜೆಗೆ ಹೆಚ್ಚಾಗಿ ‘ಛುಟ್ಟಿ’ ಎನ್ನುತ್ತೇವೆ. ಛುಟ್ಟಿ ಎಂದರೆ ಬಿಡುಗಡೆ. ಒಂದರಲ್ಲಿ ಕೊಡುವವನು ಮುಖ್ಯ, ಇನ್ನೊಂದರಲ್ಲಿ ಬಿಡುಗಡೆಯಾದವನು ಮುಖ್ಯ. ಮಕ್ಕಳಿಗೆ ಸಿಗುವ ಬಿಡುವು ಇವೆರಡರಲ್ಲಿ ಯಾವುದು? ಕಳೆದ ಡಿಸೆಂಬರಿನ ಕೊನೆಯ ವಾರದವರೆಗೆ ಈ ಪ್ರಶ್ನೆಯನ್ನು ನಾವು ಕೇಳಿಕೊಂಡಿರಲಿಲ್ಲ.

ನಮ್ಮ ಮಗಳು ರಾಯಚೂರಿನಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಳೆ. ಶಾಲೆ ಕ್ರೈಸ್ತ ಆಡಳಿತದ್ದು. ದಸರಾ ರಜೆಯಲ್ಲಿ ಕೆಲವು ದಿನ ಉಳಿಸಿ ಕ್ರಿಸ್‌ಮಸ್ ಹೊತ್ತಿಗೆ ಕೊಡುತ್ತಾರೆ. ಸರ್ಕಾರಿ ಶಾಲೆಗಳಲ್ಲಿ ಚಳಿಗಾಲದ ರಜೆ ಎಂಬುದಿಲ್ಲ. ಅಕ್ಟೋಬರಿನಲ್ಲಿ ದಸರಾ, ಆಮೇಲೆ ಏಪ್ರಿಲ್-ಮೇ. ಈ ವೇಳಾಪಟ್ಟಿ ಮಾಡಿದವರು ರಾಯಚೂರಿನ ಮೇ ತಿಂಗಳನ್ನು ನೋಡಿರಲಿಕ್ಕಿಲ್ಲ. ಬೆಳಿಗ್ಗೆ ಹತ್ತಕ್ಕೆ ಓಣಿ ಖಾಲಿಯಾಗುವ ಆ ಬಿಸಿಲಿನಲ್ಲಿ ರಜೆ ಎಂದರೆ ಮಕ್ಕಳನ್ನು ಮನೆಯೊಳಗೆ ಕೂಡಿಹಾಕುವುದು. ನಮ್ಮ ಊರಿನಲ್ಲಿ ಹೊರಗೆ ನಿಂತು ಉಸಿರಾಡಬಹುದಾದ ಕಾಲ ಡಿಸೆಂಬರ್ ಮತ್ತು ಜನವರಿ. ಕೋಟೆಯ ಗೋಡೆಗೆ ಬೆನ್ನು ಕೊಟ್ಟು ಎಳೆಬಿಸಿಲು ಕಾಯಿಸಬಹುದು. ನಮ್ಮ ಮನೆಗಳಲ್ಲಿ ಆಮ್ ತಲಾಬ್ ಎನ್ನುವ ಮಾವಿನ ಕೆರೆಯ ಕಡೆ ಮಕ್ಕಳು ನಡು ಮಧ್ಯಾಹ್ನವೂ ಸೈಕಲ್ ತುಳಿಯಬಹುದು.

ಮಗಳು ಶಾಲೆಯ ಹಾಡಿನ ತಂಡದಲ್ಲಿದ್ದಾಳೆ. ಜನವರಿ 26ಕ್ಕೆ ಸಮೂಹಗೀತೆ, ಅದಾದ ಮೇಲೆ ಗ್ಯಾದರಿಂಗು. ರಜೆಯಲ್ಲೂ ಬೆಳಿಗ್ಗೆ ಎರಡು ತಾಸು ಗೆಳತಿಯರೆಲ್ಲ ಒಬ್ಬರ ಮನೆಯಲ್ಲಿ ಸೇರಿ ಅಭ್ಯಾಸ ಮಾಡುವುದೆಂದು ಅವರೇ ಗೊತ್ತು ಮಾಡಿಕೊಂಡಿದ್ದರು. ನಮ್ಮ ಪಟ್ಟಿ ಬೇರೆಯೇ ಇತ್ತು. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಆದ್ದರಿಂದ ಗಣಿತದ ಟ್ಯೂಷನ್. ದೇವದುರ್ಗ ತಾಲೂಕಿನಲ್ಲಿ ಫುಫ್ಪುವಿನ ಮನೆ. ಮಾನ್ವಿಯಲ್ಲಿ ನಾನಿಯ ಮನೆ. ಹತ್ತು ದಿನದ ರಜೆಗೆ ನಾವು ಹನ್ನೆರಡು ದಿನದ ಕೆಲಸ ಬರೆದಿದ್ದೆವು. ಅವಳು ಪಟ್ಟಿ ನೋಡಿ, “ಛುಟ್ಟಿ ನನ್ನದಲ್ವಾ ಅಬ್ಬಾ?” ಎಂದಳು. ದೊಡ್ಡವರಿಗೆ ಎದುರು ಮಾತಾಡಬಾರದು ಎಂದೆವು. ಉತ್ತರ ಹೊಳೆಯದಾಗ ನಾವೆಲ್ಲ ಹೇಳುವ ಮಾತು ಅದು. ಕೊನೆಗೆ ನಾಲ್ಕು ದಿನ ಅವಳ ಅಭ್ಯಾಸಕ್ಕೆ ಬಿಟ್ಟು ದೇವದುರ್ಗದ ಬಸ್ಸು ಹತ್ತಿದೆವು.

ದೇವದುರ್ಗದ ಬಗ್ಗೆ ಹೊರಗಿನ ಓದುಗರಿಗೆ ಒಂದು ಮಾತು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಅತ್ಯಂತ ಹಿಂದುಳಿದ ತಾಲೂಕುಗಳ ಸಾಲಿನಲ್ಲಿ ಇದೂ ಇತ್ತು. ಕೃಷ್ಣೆ ತಾಲೂಕಿನ ಅಂಚಿನಲ್ಲಿ ಹರಿಯುತ್ತಾಳೆ, ನಾರಾಯಣಪುರ ಬಲದಂಡೆ ಕಾಲುವೆ ಬಂದಿದೆ, ಆದರೂ ಗುಳೆ ಹೋಗುವವರು ಹೋಗುತ್ತಲೇ ಇದ್ದಾರೆ. ಅಲ್ಲಿ ನಮ್ಮ ಹಿರಿಯರಿಂದ ಬಂದ ಆರು ಎಕರೆ ಎರೆ ಹೊಲವಿದೆ. ನಾವು ಊರು ಬಿಟ್ಟು ಇಪ್ಪತ್ತು ವರ್ಷವಾಯಿತು. ಹೊಲವನ್ನು ಪಾಲಿಗೆ ಕೊಟ್ಟಿದ್ದೇವೆ. ಖರ್ಚಿನಲ್ಲಿ ಅರ್ಧ, ಬಂದದ್ದರಲ್ಲಿ ಅರ್ಧ. ವರ್ಷಕ್ಕೊಮ್ಮೆ ರಾಜೇಂದ್ರ ಗಂಜಿನಲ್ಲಿ ಹತ್ತಿ ಮಾರಿದ ಮೇಲೆ ಪಾಲುದಾರ ಬಂದು ಲೆಕ್ಕ ಒಪ್ಪಿಸುತ್ತಾನೆ. ಹೊಲದೊಂದಿಗೆ ನಮ್ಮ ಸಂಬಂಧ ಅಷ್ಟೇ ಆಗಿಹೋಗಿತ್ತು.

ಆ ದಿನ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದರು. ಏಳೆಂಟು ಹೆಂಗಸರು, ಐದು ಹುಡುಗಿಯರು. ಸೊಂಟಕ್ಕೆ ಹಳೆ ಸೀರೆಯ ಉಡಿ ಕಟ್ಟಿಕೊಂಡು ಎರಡೂ ಕೈಯಿಂದ ಕಾಯಿಯೊಳಗಿನ ಹತ್ತಿ ಎಳೆದು ಉಡಿಗೆ ತುಂಬುತ್ತಾರೆ. ಒಣಗಿದ ಕಾಯಿಯ ತುದಿ ಮುಳ್ಳಿನ ಹಾಗೆ. ನಾಲ್ಕು ದಿನಕ್ಕೆ ಬೆರಳ ಸಂದು ಬಿರಿಯುತ್ತವೆ. ಹುಡುಗಿಯರಲ್ಲಿ ಒಬ್ಬಳು ನಮ್ಮ ಮಗಳದೇ ವಯಸ್ಸಿನವಳು, ಸರ್ಕಾರಿ ಹೈಸ್ಕೂಲಿನಲ್ಲಿ ಅದೇ ಒಂಬತ್ತನೇ ತರಗತಿ. “ಇವತ್ತು ಸಾಲಿ ಇಲ್ಲೇನು?” ಎಂದು ಕೇಳಿದೆವು. “ಐತ್ರಿ. ನಾ ರಜಾ ಹಾಕೀನ್ರಿ” ಎಂದಳು.

ನಮ್ಮ ಮಗಳು ಓದಿನಿಂದ ರಜೆ ಪಡೆದು ಆಡಲು ಬಂದಿದ್ದಳು. ಇವಳು ಓದಿನಿಂದ ರಜೆ ಹಾಕಿ ದುಡಿಯಲು ಬಂದಿದ್ದಳು. ಪದ ಒಂದೇ.

ಮಕ್ಕಳು ದೊಡ್ಡವರಿಗಿಂತ ಬೇಗ ಮಾತಿಗೆ ಬೀಳುತ್ತಾರೆ. ಆ ಹುಡುಗಿಯೂ ಹಾಡುತ್ತಾಳೆ, ಪ್ರತಿಭಾ ಕಾರಂಜಿಯಲ್ಲಿ ಕ್ಲಸ್ಟರ್ ಮಟ್ಟದ ಜಾನಪದ ಗೀತೆಗೆ ಮೊದಲ ಬಹುಮಾನ ಬಂದಿತ್ತು, ತಾಲೂಕು ಮಟ್ಟಕ್ಕೆ ಹೋಗಲಿಲ್ಲ ಎಂಬುದೆಲ್ಲ ನಮಗೆ ತಿಳಿದದ್ದು ಮಗಳಿಂದ. ಆ ದಿನವೂ ಹತ್ತಿಯೇ ಅಡ್ಡ ಬಂದಿತ್ತಂತೆ. ಹಾಗಾದರೆ ಈಗ ಒಂದು ಹಾಡು ಎಂದು ಮಗಳು ದುಂಬಾಲು ಬಿದ್ದಳು. ಹುಡುಗಿ ನಕ್ಕು ಸುಮ್ಮನಾದಳು. ಪಕ್ಕದ ಸಾಲಿನಲ್ಲಿದ್ದ ಮುದುಕಿ ಉತ್ತರ ಕೊಟ್ಟಳು: “ಹಾಡಿದ್ರ ಕೈ ನಿಂದ್ರತದವ್ವ. ಕೇಜಿ ಲೆಕ್ಕ ಅದ.”

ಈ ಮಾತು ನಮ್ಮನ್ನು ಬಹಳ ದಿನ ಕಾಡಿತು. ದುಡಿಮೆಯ ಜೊತೆ ಹಾಡು ಹುಟ್ಟುತ್ತದೆ ಎಂದು ನಾವೆಲ್ಲ ಓದಿಕೊಂಡು ಬಂದಿದ್ದೇವೆ. ಬೀಸುವ ಪದ, ಕುಟ್ಟುವ ಪದ, ಕಣದಲ್ಲಿ ಹಂತಿ ಪದ. ಅದು ಸುಳ್ಳಲ್ಲ. ಆದರೆ ಬೀಸುವ ಕಲ್ಲಿನ ಮುಂದೆ ಕೂತವಳಿಗೆ ಹಾಡು ಕೈಯ ಆಯಾಸ ಕಳೆಯುತ್ತಿತ್ತು. ದಿನಗೂಲಿಯಲ್ಲಿ ಕಳೆ ತೆಗೆಯುವ ಗುಂಪಿಗೆ ಹಾಡು ಒಂದು ಲಯ ಕೊಡುತ್ತಿತ್ತು. ತೂಕದ ಮೇಲೆ ಕೂಲಿ ಎಂದಾಗ ಪ್ರತಿಯೊಬ್ಬಳೂ ಒಂಟಿ. ಹಾಡಿದ ಗಳಿಗೆಯ ಬೆಲೆ ಸಂಜೆ ತಕ್ಕಡಿಯಲ್ಲಿ ಕಾಣುತ್ತದೆ. ಬಡವರು ಹಾಡುತ್ತಾ ದುಡಿಯುತ್ತಾರೆ ಎಂಬ ನಮ್ಮ ಮೆಚ್ಚುಗೆಯ ಮಾತನ್ನು ಇನ್ನು ಸ್ವಲ್ಪ ನೋಡಿಕೊಂಡು ಆಡಬೇಕು.

ಅಲ್ಲಿಂದ ಸಿರವಾರದ ದಾರಿಯಲ್ಲಿ ಮಾನ್ವಿಗೆ ಬಂದೆವು. ಮಾನ್ವಿಯ ನೆಲ ಹಾಡಿಗೆ ಹೊಸದಲ್ಲ. ವಿಜಯದಾಸರು ಹುಟ್ಟಿದ ಚೀಕಲಪರ್ವಿ ಇದೇ ಸೀಮೆಯದು, ಹರಿಕಥಾಮೃತಸಾರ ಬರೆದ ಜಗನ್ನಾಥದಾಸರು ಇದೇ ಊರಿನಲ್ಲಿದ್ದವರು. ರಾಯಚೂರಿನ ರಂಗಮಂದಿರಕ್ಕೆ ಇಟ್ಟಿರುವುದು ಹಿಂದೂಸ್ತಾನಿ ಗಾಯಕ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರು. ಮೊಹರಂ ಬಂತೆಂದರೆ ಈ ಜಿಲ್ಲೆಯ ಹಳ್ಳಿಗಳಲ್ಲಿ ಅಲಾಯಿ ಕುಣಿಯ ಸುತ್ತ ಕನ್ನಡದಲ್ಲಿ ಪದ ಹೇಳುವವರಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಆದರೆ ನಾನಿಯ ಮನೆಯಲ್ಲಿ ಮಾತು ಬೇರೆ. ಹದಿನೈದು ತುಂಬಿದ ಹುಡುಗಿ ವೇದಿಕೆ ಹತ್ತುವುದೆ? ಮಾಮು ಇನ್ನೂ ಖಂಡಿತ: ಸಂಗೀತವೇ ಬೇಡ.

ಸಂಗೀತದ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಹಳೆಯದು. ನಿಷೇಧಿಸಿದವರಿದ್ದಾರೆ, ಷರತ್ತಿನೊಂದಿಗೆ ಒಪ್ಪಿದವರಿದ್ದಾರೆ. ಇಮಾಮ್ ಗಝಾಲಿಯವರು ತಮ್ಮ ‘ಇಹ್ಯಾ’ದಲ್ಲಿ ಹಾಡು ಕೇಳುವುದರ ಕುರಿತೇ ಒಂದು ಭಾಗ ಬರೆದರು. ಫತ್ವಾ ಕೊಡುವ ಅರ್ಹತೆ ನಮಗಿಲ್ಲ. ಆದರೆ ಬುಖಾರಿಯಲ್ಲಿ ಬರುವ ಒಂದು ಘಟನೆ ಆ ಸಂಜೆ ನೆನಪಾಯಿತು. ಈದ್ ದಿನ ಹಝ್ರತ್ ಆಯಿಶಾ(ರ)ರ ಬಳಿ ಇಬ್ಬರು ಅನ್ಸಾರಿ ಹುಡುಗಿಯರು ಹಾಡುತ್ತಿದ್ದರು. ಪ್ರವಾದಿ(ಸ)ಯವರು ಅಲ್ಲೇ ಮಲಗಿದ್ದರು. ಒಳಬಂದ ಹಝ್ರತ್ ಅಬೂಬಕರ್(ರ) ಗದರಿದರು. ಅವರನ್ನು ಬಿಡಿ, ಇಂದು ಹಬ್ಬವಲ್ಲವೇ ಎಂಬರ್ಥದಲ್ಲಿ ಪ್ರವಾದಿ(ಸ)ಯವರು ತಡೆದರು. ಆ ಹುಡುಗಿಯರು ವೃತ್ತಿಯ ಗಾಯಕಿಯರಲ್ಲ ಎಂಬ ವಿವರಣೆಯೂ ವರದಿಯಲ್ಲೇ ಇದೆ. ಇದರಿಂದ ಎಲ್ಲ ಬಗೆಯ ಸಂಗೀತಕ್ಕೂ ಸಮ್ಮತಿ ಸಿಕ್ಕಿತು ಎಂದು ನಾವು ಹೇಳುತ್ತಿಲ್ಲ. ನಮ್ಮ ಕಣ್ಣು ನಿಂತದ್ದು ಬೇರೆ ಕಡೆ. ಗದರಿದವರು ಆಯಿಶಾ(ರ)ರ ತಂದೆ. ಅಷ್ಟು ದೊಡ್ಡ ಒಪ್ಪಿಗೆ ಸಿಕ್ಕ ಮೇಲೂ, ತಂದೆಯ ಗಮನ ಬೇರೆಡೆ ಹೋದಾಗ ಆಯಿಶಾ(ರ) ಸನ್ನೆ ಮಾಡಿದರು, ಹುಡುಗಿಯರು ಹೊರಗೆ ಹೋದರು. ಈ ಕೊನೆಯ ಭಾಗವನ್ನು ಯಾರಾದರೂ ಪ್ರವಚನದಲ್ಲಿ ಎತ್ತಿಕೊಂಡದ್ದನ್ನು ನಾವು ಕೇಳಿಲ್ಲ. ಒಪ್ಪಿಗೆ ಇದ್ದರೂ ತಂದೆ ಎದುರಿಗಿದ್ದರೆ ಹಾಡು ನಿಲ್ಲುತ್ತದೆ. ಅದನ್ನು ತಿಳಿಯಲು ನಾವು ಮಾನ್ವಿಯವರೆಗೆ ಹೋಗಬೇಕಿರಲಿಲ್ಲ. ನಮ್ಮ ಮನೆಯಲ್ಲಿ ನಾವು ಒಳಗೆ ಕಾಲಿಟ್ಟಾಗ ಗುನುಗು ನಿಲ್ಲುವುದನ್ನು ಎಷ್ಟೋ ಸಲ ಕೇಳಿದ್ದೇವೆ. ಅದನ್ನು ಮರ್ಯಾದೆ ಎಂದುಕೊಂಡಿದ್ದೆವು.

ನಾನಿಯ ಮುಂದೆ ನಾವು ಹೇಳಿದ್ದೇನು? “ಎಸ್ಸೆಸ್ಸೆಲ್ಸಿ ಮುಗಿಯಲಿ, ಆಮೇಲೆ ನೋಡೋಣ.” ಧರ್ಮದ ಪ್ರಶ್ನೆಗೆ ಪರೀಕ್ಷೆಯ ನೆಪ. ಮಗಳ ಮುಖ ನೋಡಲಾಗಲಿಲ್ಲ.

ರಾಯಚೂರಿಗೆ ಮರಳಿದ ಮೇಲೆ ನಮ್ಮ ಮನಸ್ಸು ಕಾನೂನಿನ ಕಡೆ ಹೊರಳಿತು. ತಪ್ಪು ಮಾಡಿದ ಭಾವನೆ ಬಂದಾಗ ಮನುಷ್ಯ ಮೊದಲು ಹುಡುಕುವುದು ಕಾನೂನನ್ನೇ. 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಹದಿನಾಲ್ಕು ವರ್ಷದೊಳಗಿನವರನ್ನು ದುಡಿಮೆಗೆ ಹಚ್ಚುವಂತಿಲ್ಲ. ಆದರೆ ಮನೆಯವರ ಅಪಾಯವಿಲ್ಲದ ಕೆಲಸಕ್ಕೆ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ನೆರವಾಗಬಹುದು. ಹದಿನಾಲ್ಕರಿಂದ ಹದಿನೆಂಟರವರಿಗೆ ಗಣಿಯಂಥ ಅಪಾಯದ ಕೆಲಸಗಳಷ್ಟೇ ನಿಷಿದ್ಧ. 2009ರ ಶಿಕ್ಷಣ ಹಕ್ಕು ಕಾಯಿದೆಯೂ ಹದಿನಾಲ್ಕಕ್ಕೆ ಮುಗಿಯುತ್ತದೆ. ಅಂದರೆ ನಮ್ಮ ಹೊಲದ ಹದಿನೈದರ ಹುಡುಗಿಯ ವಿಷಯದಲ್ಲಿ ಯಾರೂ ನಮ್ಮನ್ನು ಹಿಡಿದು ಕೇಳಲಿಕ್ಕಿಲ್ಲ. ಇನ್ನೊಂದು ಕಡೆ, 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಮಗುವಿಗೆ ವಿಶ್ರಾಂತಿ, ಬಿಡುವು, ಆಟ, ಕಲೆ ಇವು ಹಕ್ಕು ಎನ್ನುತ್ತದೆ. ಅದು ಹದಿನೆಂಟರವರೆಗೂ ಅನ್ವಯ. 1992ರಲ್ಲಿ ಭಾರತ ಅದಕ್ಕೆ ಒಪ್ಪಿದೆ. ಒಂದು ದಾಖಲೆಯಲ್ಲಿ ರಜೆ ಮಗುವಿನ ಸ್ವಂತ ಸಮಯ, ಇನ್ನೊಂದರಲ್ಲಿ ಮನೆಗೆ ದುಡಿಯಲು ಸಿಗುವ ಸಮಯ. ಎರಡಕ್ಕೂ ನಮ್ಮ ದೇಶದ ಸಹಿ ಇದೆ.

ಮನೆಗೆಲಸವೇ ತಪ್ಪು ಎಂದು ನಾವು ವಾದಿಸುವುದಿಲ್ಲ. ರೊಟ್ಟಿ ತಟ್ಟಲು, ಕಣದಲ್ಲಿ ಕೈಜೋಡಿಸಲು ಕಲಿತ ಮಕ್ಕಳು ಕೆಟ್ಟಿಲ್ಲ. ಟ್ಯೂಷನ್‌ಗೆ ಅಟ್ಟುವ ನಮ್ಮ ಪ್ರೀತಿಗಿಂತ ಹೊಲಕ್ಕೆ ಕರೆದೊಯ್ಯುವ ಆ ತಾಯಿಯ ಪ್ರೀತಿ ಕಡಿಮೆಯದೂ ಅಲ್ಲ. ಅವಳಿಗೆ ಅಕ್ಕಿ-ಎಣ್ಣೆಯ ಲೆಕ್ಕ, ನಮಗೆ ಪರ್ಸೆಂಟೇಜಿನ ಲೆಕ್ಕ, ಮಾಮುವಿಗೆ ಪರಲೋಕದ ಲೆಕ್ಕ. ಮೂವರೂ ಮಗುವಿನ ಸಮಯವನ್ನು ತಮ್ಮ ಖಾತೆಯಲ್ಲಿ ಬರೆದುಕೊಂಡವರೇ. ವ್ಯತ್ಯಾಸವೆಂದರೆ ನಮಗೂ ಮಾಮುವಿಗೂ ಬೇರೆ ದಾರಿ ಇತ್ತು, ಆ ತಾಯಿಗೆ ಇರಲಿಲ್ಲ.

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. ಮಗಳ ಕೀಬೋರ್ಡ್ ಕೊಂಡದ್ದು ಹಿಂದಿನ ವರ್ಷದ ಹತ್ತಿಯ ನಮ್ಮ ಪಾಲಿನ ಹಣದಲ್ಲಿ, ಒಂಬತ್ತು ಸಾವಿರಕ್ಕೆ. ಕೇಜಿಗೆ ಹತ್ತು ರೂಪಾಯಿ ಕೂಲಿ, ಹುಡುಗಿಯೊಬ್ಬಳು ದಿನಕ್ಕೆ ಮೂವತ್ತು ಕೇಜಿ ಬಿಡಿಸುತ್ತಾಳೆ. ಐದು ಹುಡುಗಿಯರ ಎಂಟು ದಿನದ ಕೂಲಿ ಹನ್ನೆರಡು ಸಾವಿರ. ಅದರಲ್ಲಿ ನಮ್ಮ ಪಾಲು ಆರು ಸಾವಿರ. ಅವರ ರಜೆಗಿಂತ ನಮ್ಮ ಕೀಬೋರ್ಡ್ ಮೂರು ಸಾವಿರ ಹೆಚ್ಚಿನದು.

ಪಾಲುದಾರನಿಗೆ ಫೋನ್ ಮಾಡಿ, ಸಾಲಿಗೆ ಹೋಗುವ ಹುಡುಗಿಯರನ್ನು ಹೊಲಕ್ಕೆ ಕರೆಯಬೇಡ ಎಂದೆವು. ಅವನು ಸಿಟ್ಟಾಗಲಿಲ್ಲ. “ಆತ್ರಿ ಸಾಹೇಬ್ರ. ನಿಮ್ಮ ಹೊಲ ಬ್ಯಾಡಂದ್ರ ಮಗ್ಗುಲ ಹೊಲಕ್ಕ ಹೋಗ್ತಾರ. ಒಡದ ಹತ್ತಿ ರಜಾ ಕೇಳಂಗಿಲ್ಲ, ಅವರ ಹೊಟ್ಟಿನೂ ಕೇಳಂಗಿಲ್ಲ” ಎಂದ. ಅವನ ಮಾತು ಸರಿಯಾಗಿತ್ತು. ನಮ್ಮ ಹೊಲದಲ್ಲಿ ಮಾತ್ರ ಬೇಡವೆಂದರೆ ತೊಳೆದುಹೋಗುವುದು ನಮ್ಮ ಕೈ, ಹುಡುಗಿಯ ಕೈ ಹಾಗೆಯೇ ಇರುತ್ತದೆ. ಹಾಗಾದರೆ ಏನು ಮಾಡಬೇಕೆಂದು ಅವನನ್ನೇ ಕೇಳಿದೆವು. ಹೆಂಗಸರಿಗೆ ಕೇಜಿಗೆ ಎರಡು ರೂಪಾಯಿ ಹೆಚ್ಚು ಕೊಟ್ಟರೆ ಕೆಲವರಾದರೂ ಮಕ್ಕಳನ್ನು ಬಿಟ್ಟು ಬಂದಾರು ಎಂದ. ಆ ಹೆಚ್ಚಿಗೆ ನಮ್ಮ ಪಾಲಿನಿಂದಲೇ ಹೋಗಲಿ ಎಂದು ಒಪ್ಪಿದೆವು. ಐವರಲ್ಲಿ ಮೂವರು ಸಾಲಿಗೆ ಮರಳಿದರು. ಹಾಡುವ ಹುಡುಗಿ ಆ ಮೂವರಲ್ಲಿರಲಿಲ್ಲ. ಅವರ ಮನೆಯ ಸಾಲ ಎರಡು ರೂಪಾಯಿಗೆ ತೀರುವಂಥದ್ದಲ್ಲವಂತೆ.

ಜನವರಿ 26ರಂದು ಮಗಳು ಹಾಡಿದಳು. ಹಿಂದಿನ ರಾತ್ರಿ ನಾವೇ ಮಾನ್ವಿಗೆ ಫೋನ್ ಮಾಡಿ ಹೇಳಿದ್ದೆವು, ಎಸ್ಸೆಸ್ಸೆಲ್ಸಿಯ ಮಾತು ನೆಪವಾಗಿತ್ತೆಂದು ಕೂಡ. ನಾನಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಚಳಿ ಇದೆ, ಕಿವಿಗೆ ಬಟ್ಟೆ ಕಟ್ಟಿಸಿ ಎಂದರು. ಮಾಮು ಇನ್ನೂ ಮಾತಾಡಿಲ್ಲ.

ತಿಂಗಳ ಕೊನೆಗೆ ಎರಡನೇ ಸಲದ ಹತ್ತಿ ಒಡೆಯಿತು. ಈ ಸಲವೂ ಹನ್ನೆರಡೇ ರೂಪಾಯಿಯೋ ಎಂದು ಪಾಲುದಾರ ಫೋನಿನಲ್ಲಿ ಕೇಳಿದ. ಹೌದೆಂದೆವು.