ಕೃತ್ರಿಮ ಸೃಷ್ಟಿಯಲ್ಲಿಯ ದೋಷವು ಯಾರದು?

ಕರ್ತನು ಕಣ್ಣಾರೆ ಕಾಣದ ಒಂದು ಮೂಲೆಯಲ್ಲಿ ಅವನ ಕೃತಿಯು ಕೆಟ್ಟಿದ್ದರೆ ಆ ದೋಷವು ಯಾರಿಗೆ ಸೇರತಕ್ಕದ್ದು? ಈ ಪ್ರಶ್ನೆಯು ಬಹು ಹಳೆಯದು. ದರ್ಶನಕಾರರು ಇದನ್ನು ಜಗತ್ಕರ್ತನ ವಿಷಯದಲ್ಲಿ ಎತ್ತಿ ವಿಚಾರಿಸಿರುವರು. ಈಗ ಅದೇ ಪ್ರಶ್ನೆಯು ಗಣಕಯಂತ್ರದ ಆಟವೊಂದರ ರೂಪದಿಂದ ನಮ್ಮ ಮನೆಯ ಪಡಸಾಲೆಗೇ ಬಂದು ಕುಳಿತಿದೆ. ಮಕ್ಕಳ ಆಟವೆಂದು ತಾತ್ಸಾರ ಮಾಡದೆ ವಾಚಕರು ತುಸು ಅವಧಾನವೀಯಬೇಕೆಂದು ಬಿನ್ನಹ.

ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಪಟ್ಟಣದ ಹಲೋ ಗೇಮ್ಸ್ ಎಂಬ ಚಿಕ್ಕ ಸಂಸ್ಥೆಯವರು 2016ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ನೋ ಮ್ಯಾನ್ಸ್ ಸ್ಕೈ ಎಂಬ ಆಟವನ್ನು ಹೊರತಂದರು. ಆಡುವವನು ವ್ಯೋಮನೌಕೆಯಲ್ಲಿ ಕುಳಿತು ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗಿ, ಬೇಕಾದ ಗ್ರಹದ ಮೇಲಿಳಿದು ಸಂಚರಿಸಬಹುದು. ಆ ಗ್ರಹಗಳ ಸಂಖ್ಯೆ 1,84,46,74,40,73,70,95,51,616. ಚದುರಂಗದ ಮೊದಲನೆಯ ಮನೆಯಲ್ಲಿ ಒಂದು ಕಾಳನ್ನಿಟ್ಟು ಮನೆಮನೆಗೂ ಇಮ್ಮಡಿಸುತ್ತ ಹೋದರೆ 64 ಮನೆಗಳಲ್ಲಿ ಕೂಡುವ ಕಾಳುಗಳಿಗಿಂತ ಇದು ಒಂದೇ ಹೆಚ್ಚು. ಸೆಕೆಂಡಿಗೊಂದರಂತೆ ನೋಡಿದರೂ ಎಲ್ಲವನ್ನು ನೋಡಿ ಮುಗಿಸಲು ಸುಮಾರು 58,500 ಕೋಟಿ ವರ್ಷಗಳು ಬೇಕು. ಇಷ್ಟನ್ನು ಯಾರೂ ಕೈಯಿಂದ ಚಿತ್ರಿಸಿಲ್ಲ. ಗಣಿತದ ಕೆಲವು ನಿಯಮಗಳೂ ಬೀಜರೂಪವಾದ ಒಂದು ಸಂಖ್ಯೆಯೂ ಸೇರಿ ಬೆಟ್ಟ, ಕಣಿವೆ, ಗಿಡ, ಪ್ರಾಣಿಗಳೆಲ್ಲ ಹುಟ್ಟುತ್ತವೆ. ಯಾತ್ರಿಕನು ಸಮೀಪಿಸಿದಾಗ ಅವು ಮೂಡುತ್ತವೆ. ದೂರ ಸರಿದಾಗ ಅಡಗುತ್ತವೆ. ಮರಳಿ ಬಂದರೆ ಅದೇ ಬೀಜದಿಂದ ಅದೇ ಬೆಟ್ಟವು ಮರಳಿ ಏಳುತ್ತದೆ.

ಈ ಸೃಷ್ಟಿಯಲ್ಲಿ ವಿಪರೀತಗಳೂ ಉಂಟು. ನೆಲದ ಸಂಬಂಧವೇ ಇಲ್ಲದ ಹೆಬ್ಬಂಡೆಯೊಂದು ಅಂತರಾಳದಲ್ಲಿ ನಿಂತಿರುತ್ತದೆ. ಕಟ್ಟಡವು ಅರ್ಧ ಗುಡ್ಡದೊಳಗೆ ಹೂತಿರುತ್ತದೆ. ಆಡುವವನು ಅಗೆದು ಮನೆ ಮಾಡಿಕೊಂಡ ಗವಿಯು ಮುಂದೊಂದು ದಿನ ಮಣ್ಣು ತುಂಬಿ ಮುಚ್ಚಿರುತ್ತದೆ. ಕಾರಣಗಳು ಗೂಢವಾದವುಗಳಲ್ಲ. ಯಂತ್ರವು ಅವಕಾಶದ ಒಂದೊಂದು ಬಿಂದುವಿಗೂ ಒಂದು ಬೆಲೆಯನ್ನು ಎಣಿಸುತ್ತದೆ. ಅದು ಒಂದು ಪಕ್ಷಕ್ಕೆ ವಾಲಿದರೆ ಕಲ್ಲು, ಇನ್ನೊಂದಕ್ಕೆ ವಾಲಿದರೆ ಬಯಲು. ಗವಿಗಳೂ ಕಲ್ಲಿನ ಕಮಾನುಗಳೂ ಈ ಎಣಿಕೆಯಿಂದಲೇ ಸಾಧ್ಯವಾದವು. ಆದರೆ ಕಲ್ಲಿಗೆ ಕೆಳಗೆ ಆಧಾರವುಂಟೇ ಎಂದು ಆ ನಿಯಮವು ಕೇಳುವದಿಲ್ಲ. ಅಗೆದ ನೆಲದ ಮಾತು ಬೇರೆ. ಅದು ಬೀಜದಲ್ಲಿಲ್ಲದ ಬದಲಾವಣೆಯಾದುದರಿಂದ ಯಂತ್ರವು ಅದನ್ನು ಪ್ರತ್ಯೇಕವಾಗಿ ನೆನಪಿಡಬೇಕು. ಆ ನೆನಪಿಗೊಂದು ಮಿತಿಯುಂಟು. ಮಿತಿ ಮೀರಿದರೆ ಹಳೆಯದು ಅಳಿದು ನೆಲವು ಮೂಲರೂಪಕ್ಕೆ ತಿರುಗುತ್ತದೆ.

ಇದರಿಂದ ಒಂದು ಸಂಗತಿಯು ಸ್ಪಷ್ಟವಾಗುವದು: ಗುಣವನ್ನು ಕೊಡುವ ನಿಯಮವೇ ದೋಷವನ್ನೂ ಕೊಡುತ್ತದೆ. ತಿಕೋಟಾ, ಬಬಲೇಶ್ವರಗಳ ಕಡೆಯ ಎರಿ ಹೊಲವನ್ನು ಬೇಸಿಗೆಯಲ್ಲಿ ನೋಡಿರಿ. ಕಾಲು ಸಿಕ್ಕಿಬೀಳುವಷ್ಟು ನೆಲವು ಬಿರಿದಿರುತ್ತದೆ. ಆದರೆ ಮಳೆಗಾಲದಲ್ಲಿ ಉಬ್ಬಿ ನೀರನ್ನು ಹಿಡಿದಿಟ್ಟು, ಮಳೆಯಿಲ್ಲದ ಹಿಂಗಾರಿಯಲ್ಲಿ ಬಿಳಿಜೋಳವನ್ನು ಸಾಕುವದೂ ಅದೇ ಜಿಗುಟು ಮಣ್ಣು. ಬಿರುಕು ಬೇಡವೆನ್ನುವ ಒಕ್ಕಲಿಗನು ಆ ಮಣ್ಣನ್ನೇ ಬೇಡವೆನ್ನಬೇಕಾದೀತು. ಹಾಗೆಯೇ ತೇಲುವ ಬಂಡೆಯೇ ಕೂಡದೆಂದು ನಿಯಮವನ್ನು ಬಿಗಿದರೆ, ಯಾರೂ ಊಹಿಸದ ಕಮಾನುಗಳೂ ಅದರೊಡನೆ ಹೋಗಬಹುದು.

ಹಾಗಾದರೆ ಕರ್ತನು ನಿರ್ದೋಷಿಯೇ? ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿ, ಜಗತ್ತಿನ ತಾರತಮ್ಯಗಳನ್ನು ಕಂಡು ಈಶ್ವರನಿಗೆ ಪಕ್ಷಪಾತವೂ ನಿರ್ದಯತೆಯೂ ಅಂಟುವವೇ ಎಂಬ ಆಕ್ಷೇಪವು ಬರುತ್ತದೆ. ಶಂಕರಾಚಾರ್ಯರು ಅದರ ಭಾಷ್ಯದಲ್ಲಿ ಈಶ್ವರನನ್ನು ಮಳೆಗೆ ಹೋಲಿಸುವರು. ಮಳೆಯು ಎಲ್ಲ ಬೆಳೆಗಳಿಗೂ ಸಮಾನ ಕಾರಣ. ಬತ್ತವೋ ಜವೆಯೋ ಎಂಬ ಭೇದವು ಆಯಾ ಬೀಜದ ಶಕ್ತಿಯಿಂದ ಬಂದುದು. ಹಾಗೆಯೇ ಜೀವರ ತಾರತಮ್ಯಕ್ಕೆ ಅವರವರ ಕರ್ಮವೇ ಕಾರಣ. ಆ ಕರ್ಮವು ಅನಾದಿಯಾದುದು. ಆಟವನ್ನು ರಚಿಸಿದವರೂ ಇದೇ ಸಮಾಧಾನವನ್ನು ಹೇಳಬಹುದೆಂದು ಮೇಲುನೋಟಕ್ಕೆ ತೋರುವದು: ನಾವು ನಿಯಮವನ್ನು ಮಾತ್ರ ಕೊಟ್ಟೆವು, ಬಂಡೆಯು ಬೀಜದ ಫಲ ಎಂದು. ಆದರೆ ಈ ಸಮಾಧಾನವು ಅವರಿಗೆ ದಕ್ಕದು. ಅವರ ಬೀಜವು ಅನಾದಿಯಲ್ಲ. ಅದನ್ನು ಆರಿಸಿ ಬಿತ್ತಿದವರೂ ಅವರೇ. ಮಳೆಯೂ ತಮ್ಮದು, ಬೀಜವೂ ತಮ್ಮದು ಆದಮೇಲೆ ಬೆಳೆಯು ತಮ್ಮದಲ್ಲವೆನ್ನುವದು ನ್ಯಾಯವಲ್ಲ. ಪ್ರತಿಯೊಂದು ಬಂಡೆಯನ್ನು ಕಾಣದಿದ್ದುದಕ್ಕೆ ಮನುಷ್ಯನನ್ನು ನಿಂದಿಸಲಾಗದು; ಆದರೆ ಕಾಣದುದಕ್ಕೂ ಹೊಣೆಗಾರನಾಗಿ ನಿಲ್ಲುವದು ಅವನ ಧರ್ಮ.

ಹೊಣೆಯೆಂದರೆ ಕೂಡಲೆ ತಿದ್ದಿಬಿಡುವದೇ? ಇದು ಮೊದಲಿನದಕ್ಕಿಂತ ಕಠಿಣವಾದ ಪ್ರಶ್ನೆ. ಕೆಲವರು ಆ ತೇಲುವ ಬಂಡೆಗಳನ್ನೇ ಹುಡುಕಿ ಹೋಗಿ ಅವುಗಳ ಮೇಲೆ ಮನೆ ಕಟ್ಟಿದರು. ನಿರ್ಮಾಪಕರು ಭೂರಚನೆಯ ನಿಯಮವನ್ನು ಉತ್ತಮಪಡಿಸಿದಾಗ, 2018ನೆಯ ಇಸವಿಯಲ್ಲಿ ಆದಂತೆ, ಗ್ರಹಗಳ ರೂಪವು ಬದಲಾಗಿ ಹಳೆಯ ಮನೆಗಳು ಕೆಲವು ಮಣ್ಣಿನಲ್ಲಿ ಹೂತವು, ಕೆಲವು ಗಾಳಿಯಲ್ಲಿ ನಿಂತವು. 2025ನೆಯ ಇಸವಿಯ ಜನವರಿಯಲ್ಲಿ ಮಾತ್ರ ಹೊಸ ಬಗೆಯ ಭೂರೂಪಗಳಿಗಾಗಿ ಹೊಸ ನಕ್ಷತ್ರಮಂಡಲಗಳನ್ನೇ ಸೇರಿಸಿದರು. ಇದು ವಿವೇಕದ ಮಾರ್ಗ. ಮಾಡಿದವನಿಗೆ ದೋಷವಾಗಿ ತೋರುವದು ಇನ್ನೊಬ್ಬನಿಗೆ ಅಂಗಳವಾಗಿರಬಹುದು.

ಆಟದಲ್ಲಿ ಹೊಸ ನಕ್ಷತ್ರವನ್ನು ಸೇರಿಸಬಹುದು. ಭೂಮಿಯಲ್ಲಿ ಆ ಸೌಕರ್ಯವಿಲ್ಲ. ನಮ್ಮ ಜಿಲ್ಲೆಯ ಆಲಮಟ್ಟಿಯಲ್ಲಿ ಕೃಷ್ಣೆಯನ್ನು ತಡೆದುದರಿಂದ ಒಣಸೀಮೆಗೆ ನೀರು ಬಂದಿತು. ತುಬಚಿ-ಬಬಲೇಶ್ವರ ಏತ ನೀರಾವರಿಯಂಥ ಯೋಜನೆಗಳಿಂದಲೂ ಕೃಷ್ಣೆಯ ನೀರು ಈ ಹೊಲಗಳ ಕಡೆಗೆ ಏರಿತು. ಇದು ನೆಲದ ಕೊರತೆಯನ್ನು ತಿದ್ದಿದ ಸತ್ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೇ ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಓಣಿಗಳೂ ಎಷ್ಟೋ ಹಳ್ಳಿಗಳ ದೇವಸ್ಥಾನ, ಕಣ, ಬಾವಿಗಳೂ ಮುಳುಗಿದವು. ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು 2010ನೆಯ ಇಸವಿಯಲ್ಲಿ ಕೃಷ್ಣಾ ನ್ಯಾಯಾಧಿಕರಣವು ಅನುಮತಿಯನ್ನಿತ್ತಿತು. ಅಷ್ಟು ನೀರು ನಿಂತರೆ ಮತ್ತಷ್ಟು ಊರುಗಳು ಮುಳುಗತಕ್ಕವು. ನಕಾಶೆಯ ಮುಂದೆ ಕುಳಿತವನಿಗೆ ಅವು ರೇಖೆಗಳು. ಅಲ್ಲಿ ಹುಟ್ಟಿದವನಿಗೆ ತೊಟ್ಟಿಲು ಕಟ್ಟಿದ ತೊಲೆಗಳು. ಉಂಡವರ ಸಂತೋಷದಿಂದ ಬಿಟ್ಟುಕೊಟ್ಟವರ ಋಣವು ತೀರುವದಿಲ್ಲ; ಅದು ಬೇರೆಯಾಗಿಯೇ ತೀರತಕ್ಕದ್ದು.

ಆದುದರಿಂದ ನಿಷ್ಕರ್ಷೆಯು ಹೀಗೆ: ದೋಷವಿಲ್ಲದ ಸೃಷ್ಟಿಯನ್ನು ಮನುಷ್ಯನಿಂದ ಅಪೇಕ್ಷಿಸಲಾಗದು, ಹೊಣೆಯಿಲ್ಲದ ಸೃಷ್ಟಿಯನ್ನು ಅವನಿಗೆ ಮನ್ನಿಸಲೂ ಆಗದು. ತಿದ್ದುವ ಅಧಿಕಾರವು ಕರ್ತನಿಗುಂಟು. ಆದರೆ ಅಲ್ಲಿ ಒಬ್ಬನು ಒಲೆ ಹೂಡಿದ ದಿನದಿಂದ ಆ ಅಧಿಕಾರವು ಒಬ್ಬನದೇ ಆಗಿ ಉಳಿಯುವದಿಲ್ಲ. ಮೊದಲು ಬಾಗಿಲಲ್ಲಿ ನಿಂತು ಕೇಳಬೇಕು, ಆಮೇಲೆ ಗುದ್ದಲಿಯನ್ನೆತ್ತಬೇಕು.